ನೀರೊಳಗಿನ ಸಿಬ್ಬಂದಿಯನ್ನು ಮೇಲೆತ್ತುವ ಕಡತ

ಜಲಾಶಯದ ತಳದಲ್ಲಿ ಕೈ ಚಾಚಿದರೆ ಆ ಕೈಯೇ ಕಾಣುವುದಿಲ್ಲ ಎಂಬುದನ್ನು ನೀರು ಸರಬರಾಜು ಕಚೇರಿ ಲಿಖಿತವಾಗಿ ಒಪ್ಪಿಕೊಂಡಿದೆ. ಆದ್ದರಿಂದಲೇ ಅಲ್ಲಿನ ಏಕೈಕ ಮುಳುಗುಗಾರ ದಿಕ್ಸೂಚಿಯನ್ನು ಮುಖಕ್ಕೆ ಅಂಟಿಸಿಕೊಂಡು, ಕಾಲು ಬಡಿದದ್ದನ್ನು ಎಣಿಸುತ್ತ ಹೋಗಿ, ಪೈಪಿನ ಬಾಯಿಯ ಜಾಲರಿಯ ಕೆಸರು ಕೆರೆದು ಬರುತ್ತಿದ್ದ. ಸೊಂಟಕ್ಕೊಂದು ಹಗ್ಗ. ಅದರ ತುದಿ ದಡದಲ್ಲಿ ಹೆಂಡತಿಯ ಕೈಲಿ. ಒಂದು ಜಗ್ಗಿದರೆ 'ಚೆನ್ನಾಗಿದ್ದೀನಿ', ನಾಲ್ಕು ಜಗ್ಗಿದರೆ 'ಎಳ್ಕೋ'.

ತಪಾಸಣೆಗೆ ಬಂದ ಸಾಹೇಬರು ದಂಗಾದರು. ಕರ್ತವ್ಯದ ವೇಳೆಯಲ್ಲಿ ಹೆಂಡತಿಯೊಂದಿಗೆ ನೇರ ಪತ್ರವ್ಯವಹಾರ! ಮರುದಿನವೇ ಸುತ್ತೋಲೆ ಹೊರಟಿತು: "ನೀರಿನಡಿಯಿಂದ ಬರುವ ಎಲ್ಲಾ ಜಗ್ಗುಗಳನ್ನು ಟಪಾಲು ವಿಭಾಗದ ಮೂಲಕವೇ ಸಲ್ಲಿಸತಕ್ಕದ್ದು." ಹಗ್ಗವನ್ನು ದಡದ ಮೇಲಿನ ಕಚೇರಿಯ ಕಿಟಕಿಯಿಂದ ಒಳತಂದು ಟಪಾಲು ಗುಮಾಸ್ತರ ಮೇಜಿನ ಕಾಲಿಗೆ ಕಟ್ಟಲಾಯಿತು.

ಸೋಮವಾರ ಕಬ್ಬಿಣದ ಪೈಪಿನ ಹತ್ತಿರ ದಿಕ್ಸೂಚಿಯ ಮುಳ್ಳು ತಲೆಕೆಟ್ಟಂತೆ ತಿರುಗಿತು. ದಡ ಯಾವ ಕಡೆಯೆಂದು ತಿಳಿಯದೆ ಮುಳುಗುಗಾರ ನಾಲ್ಕು ಸಲ ಜಗ್ಗಿದ. ಗುಮಾಸ್ತರು ಚೆಲ್ಲಿದ ಚಹಾ ಒರೆಸಿ, ಜಗ್ಗುಗಳಿಗೆ ಕ್ರಮಸಂಖ್ಯೆ ಕೊಟ್ಟು, 'ಎಳೆಯಬಹುದೇ? ಆದೇಶಕ್ಕಾಗಿ' ಎಂದು ಕಡತ ಮಂಡಿಸಿದರು. ಮೇಜು ಮತ್ತೆ ಅಲುಗಿತು. ಅದನ್ನು ನೆನಪೋಲೆ ಎಂದು ದಾಖಲಿಸಿದರು.

ಹೆಂಡತಿ ಕಿಟಕಿ ಬಡಿದಳು. "ಸ್ವಾಮಿ, ಸಿಲಿಂಡರಲ್ಲಿ ಗಾಳಿ ಇರೋದೇ ನಲವತ್ತು ನಿಮಿಷ!"

"ಅದನ್ನ ಅವರು ಜಗ್ಗಿನಲ್ಲಿ ನಮೂದಿಸಿಲ್ಲವಲ್ಲಮ್ಮ."

ಮೂವತ್ತೆಂಟನೇ ನಿಮಿಷಕ್ಕೆ ಮುಳುಗುಗಾರ ಹಗ್ಗವನ್ನೇ ತಡವಿಕೊಂಡು ಹೊರಟ. ಹಗ್ಗವೊಂದನ್ನೇ ನಂಬಿದ ಅಭ್ಯಾಸ ನೋಡಿ, ದಡ ಹತ್ತಿದ ಮೇಲೂ ಬಿಡದೆ, ಕಿಟಕಿ ದಾಟಿ ಮೇಜಿನಡಿಯಲ್ಲೇ ತಲೆ ಎತ್ತಿದ.

"ಏನ್ರೀ ಇದು! ನಿಮ್ಮನ್ನ ಮೇಲೆತ್ತೋ ಕಡತ ಇನ್ನೂ ಸಾಹೇಬ್ರ ಹತ್ರಾನೇ ಇದೆ."

"ಉಸಿರು ನಿಂತುಹೋಗ್ತಿತ್ತು ಸಾರ್."

"ಉಸಿರು ನಿಂತ್ರೆ ಮನೆಯವರಿಗೆ ಅನುಕಂಪದ ನೌಕರಿ ಇದೆ. ಅನುಮತಿ ಇಲ್ದೆ ಮೇಲೆ ಬಂದ್ರೆ ಸೇವಾಭಂಗ. ಹದಿನೆಂಟು ವರ್ಷದ ನೌಕರಿ, ಯೋಚನೆ ಮಾಡಿ."

ಯೋಚನೆ ಮಾಡಿದ. ಆದೇಶ ಹೊರಟಾಗ ಎಳೆಸಿಕೊಳ್ಳಲು ಕೆಳಗೊಬ್ಬ ಇರಲೇಬೇಕಲ್ಲ. ಹೆಂಡತಿ ಇಬ್ಬರನ್ನೂ ಬೈಯುತ್ತಲೇ ಹೊಸ ಸಿಲಿಂಡರನ್ನು ಬೆನ್ನಿಗೆ ಬಿಗಿದಳು.

ಈಗ ಮೂರನೇ ತಿಂಗಳು. ಬೆಳಿಗ್ಗೆ ಹತ್ತಕ್ಕೆ ಇಳಿದು ತಳದಲ್ಲಿ ಕೂರುತ್ತಾನೆ; ಸಂಜೆ ಕಚೇರಿ ಮುಚ್ಚಿದ ಮೇಲೆ ಹತ್ತಿ ಬಂದರೆ ಅದು ಸೇವಾಭಂಗವಲ್ಲ. ಗಾಳಿ ಮುಗಿಯುವ ಮುನ್ನ ಹೆಂಡತಿ ಮತ್ತೊಂದು ಸಿಲಿಂಡರ್ ಇಳಿಬಿಡುತ್ತಾಳೆ. ಮೇಲಿನಿಂದ ಕೆಳಕ್ಕೆ ಹೋಗುವುದಕ್ಕೆ ನಮ್ಮಲ್ಲಿ ಯಾವತ್ತೂ ಅನುಮತಿ ಬೇಕಾಗಿಲ್ಲ. ಜಾಲರಿಯನ್ನು ಅವನು ಮುಟ್ಟುವುದಿಲ್ಲ, ಹಳೆಯ ಕಡತ ಮುಗಿಯದೆ ಕೆಲಸ ಮುಂದುವರಿಸುವಂತಿಲ್ಲ. ನಲ್ಲಿ ಒಣಗಿದೆಯೆಂದು ಕೇಳಲು ಬಂದವರಿಗೆ "ಸಿಬ್ಬಂದಿ ನೀರಿನಲ್ಲೇ ಇದ್ದಾರೆ" ಎಂದು ಉತ್ತರ ಸಿಗುತ್ತದೆ. ಜನ ಸಮಾಧಾನದಿಂದ ಖಾಲಿ ಕೊಡ ಹೊತ್ತು ವಾಪಸಾಗುತ್ತಾರೆ.

ನಿನ್ನೆ ಇಳಿಯುವಾಗ ಅವನು ಕೇಳಿದ, "ಮಧ್ಯಾಹ್ನ ಊಟಕ್ಕೆ ಬರ್ಲೇನೇ?"

"ಚೆನ್ನಾಗಿದೆ! ಅಷ್ಟರಲ್ಲಿ ಸಹಿಯಾಗಿ ಎಳೆದುಬಿಟ್ರೆ ಹಗ್ಗದ ತುದೀಲಿ ಯಾರಿರ್ತಾರ್ರೀ? ಸುಮ್ನೆ ಅಲ್ಲೇ ಇರಿ," ಅಂದಳು ಹೆಂಡತಿ.