ಏಳು ಡಬ್ಬಿಗಳ ಹಂಗಾಮು

ಯಾವ ತರಕಾರಿಯ ಹಂಗಾಮು ಈಗ ನಡೆಯುತ್ತಿದೆ ಎಂಬುದನ್ನು ಬಿಸಿಲು, ಮಳೆ, ಮಣ್ಣು ಮೊದಲಾದ ಹೊಣೆಗೇಡಿಗಳ ಕೈಗೆ ಬಿಡಲಾಗದೆ, ಆ ನಗರದಲ್ಲಿ ಅದಕ್ಕೆಂದೇ ಒಂದು ಇಲಾಖೆಯನ್ನು ಸ್ಥಾಪಿಸಲಾಗಿತ್ತು. ಹಳದಿ ಬಣ್ಣದ ಎರಡಂತಸ್ತಿನ ಕಟ್ಟಡ. ಕೆಳಗೆ ಅಂಚೆ ಕಚೇರಿ, ಮೇಲೆ ಹಂಗಾಮು ನಿರ್ಣಯ ಇಲಾಖೆ. ಮನೆಮನೆಯಲ್ಲೂ ಪಲ್ಯಕ್ಕೆ ಏನು ಹೆಚ್ಚಬೇಕು, ಸಲಾಡಿಗೆ ಏನು ತುರಿಯಬೇಕು ಎಂಬುದು ಅಲ್ಲಿ ತೀರ್ಮಾನವಾಗಿ, ಮೆಟ್ಟಿಲಿಳಿದು, ಅಂಚೆಯವರ ಚೀಲ ಸೇರಿ ಊರಿಗೆ ಹಂಚಿಹೋಗುತ್ತಿತ್ತು.

ನಿರ್ಣಯದ ವಿಧಾನ ಅತ್ಯಂತ ವೈಜ್ಞಾನಿಕವಾದದ್ದು. ಹಾಗೆಂದು ಇಲಾಖೆಯೇ ಮೂರು ಸಲ ಪ್ರಮಾಣಪತ್ರ ಕೊಟ್ಟುಕೊಂಡಿತ್ತು. ಪ್ರತಿ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಏಳು ಮಂದಿ ಗುಮಾಸ್ತರು ತಮ್ಮ ಊಟದ ಡಬ್ಬಿಗಳನ್ನು ಉದ್ದನೆಯ ಮೇಜಿನ ಮೇಲೆ ಸಾಲಾಗಿಟ್ಟು ಮುಚ್ಚಳ ತೆಗೆಯತಕ್ಕದ್ದು. ಹಂಗಾಮು ಅಧಿಕಾರಿಗಳು ಕನ್ನಡಕ ಏರಿಸಿ ಒಂದೊಂದಾಗಿ ಇಣುಕಿ ನೋಡತಕ್ಕದ್ದು. ನಾಲ್ಕು ಡಬ್ಬಿಗಳಲ್ಲಿ ಏನು ಕಂಡುಬರುತ್ತದೋ ಅದೇ ಆ ವಾರದ ಹಂಗಾಮು. ಅದನ್ನು ಬಿಟ್ಟು ಬೇರೆ ತರಕಾರಿ ಬೇಯಿಸುವುದು ಅಪರಾಧ. ಅಂಥ ಅಪರಾಧವನ್ನು ಪತ್ತೆಹಚ್ಚಲು ವಾಸನಾ ಪರಿವೀಕ್ಷಕರೊಬ್ಬರು ಸಂಜೆಹೊತ್ತು ಬೀದಿಬೀದಿಯಲ್ಲಿ ಮೂಗು ಎತ್ತಿಕೊಂಡು ಓಡಾಡುತ್ತಿದ್ದರು.

ಈ ವಿಧಾನದ ಪ್ರಕಾರ ಬೀಟ್‌ರೂಟ್ ಹಂಗಾಮು ಆರಂಭವಾಗಿ ಹನ್ನೊಂದು ತಿಂಗಳಾಗಿತ್ತು. ಬೀಟ್‌ರೂಟ್ ಸಾಹುಕಾರನೆಂದೇ ಹೆಸರಾದ ಮಂಡಿ ವರ್ತಕನೊಬ್ಬ ಪ್ರತಿ ಭಾನುವಾರ ಏಳು ಗುಮಾಸ್ತರ ಮನೆಗೂ ಒಂದೊಂದು ಮೂಟೆ ಇಳಿಸಿ ಹೋಗುತ್ತಿದ್ದದ್ದು ನಿಜ. ಆದರೆ ಇವೆರಡಕ್ಕೂ ಸಂಬಂಧವಿದೆಯೆಂದು ಯಾರೂ ಹೇಳಿದ್ದಿಲ್ಲ. ಹೇಳುತ್ತೇನೆಂದು ಹೊರಟವನೊಬ್ಬನ ಮನೆಗೆ ಎರಡು ಮೂಟೆ ಹೋದವಂತೆ. ಆಮೇಲೆ ಅವನೂ ಹೇಳಲಿಲ್ಲ.

ನಾಲ್ಕನೇ ಗುಮಾಸ್ತನ ಮನೆಯಲ್ಲಿ ಹನ್ನೊಂದು ತಿಂಗಳಲ್ಲಿ ಚಾಪಿಂಗ್ ಬೋರ್ಡು, ಸೌಟು, ಕೈ ಒರೆಸುವ ಬಟ್ಟೆ, ಕೊನೆಗೆ ಗುಮಾಸ್ತನ ಬನಿಯನ್ನುಗಳವರೆಗೆ ಎಲ್ಲವೂ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಅವನ ಹೆಂಡತಿ ಕೈಗುಣದವಳು. ಬೀಟ್‌ರೂಟನ್ನು ತುರಿದು, ಸುಟ್ಟು, ಹುರಿದು, ನಿಂಬೆ ಹಿಂಡಿ, ಮೊಸರಲ್ಲಿ ಕಲಸಿ, ಮಾಡಬಹುದಾದದ್ದನ್ನೆಲ್ಲ ಮಾಡಿ ಮುಗಿಸಿದ್ದಳು. ಈಗ ಅದರ ಮುಖ ಕಂಡರೆ ಅವಳ ಮುಖವೂ ಅದೇ ಬಣ್ಣಕ್ಕೆ ಬರುತ್ತಿತ್ತು.

ಹೀಗಿರಲು ಒಂದು ಭಾನುವಾರ ಬೆಳಿಗ್ಗೆ ಹಿತ್ತಲಿನಿಂದ ಕೂಗು ಬಂತು.

"ರೀ, ಬನ್ನಿ ಇಲ್ಲಿ. ಇದನ್ನ ಮುರಿದು ನೋಡಿ."

ಎರಡು ತಿಂಗಳ ಹಿಂದೆ ಗುಮಾಸ್ತನೇ ಕದ್ದುಮುಚ್ಚಿ ಬೀಜ ಊರಿದ್ದ ಹುರುಳಿಕಾಯಿ ಬಳ್ಳಿ ಕೋಲು ತುಂಬ ಕಾಯಿ ಬಿಟ್ಟಿತ್ತು. ಅವನು ಒಂದನ್ನು ಕಿತ್ತು ಮುರಿದ. ಚಟ್ಟೆಂದಿತು.

"ಕೇಳಿಸ್ತಾ? ಈ ಶಬ್ದ ಇನ್ನೊಂದು ಎಂಟು ದಿನ. ಆಮೇಲೆ ಬರೀ ನಾರು. ಬೂಟಿನ ಲೇಸು ಮಾಡ್ಕೊಳ್ಳಿ."

"ಹಂಗಾಮು ಘೋಷಣೆ ಆಗ್ಬೇಕಲ್ಲೇ."

"ಅದನ್ನ ಬಳ್ಳಿಗೆ ಹೇಳಿ, ನನಗೆ ಯಾಕೆ ಹೇಳ್ತೀರಿ?" ಎಂದಳು. "ಇಷ್ಟು ಮಾತ್ರ ಕೇಳಿಸ್ಕೊಳ್ಳಿ. ಈ ಕಾಯಿ ಬಲಿತು ಹೋದ ದಿನ ಸೌಟು ನಿಮ್ಮ ಕೈಗೆ. ನಾನು ಒಲೆ ಹತ್ರ ಸುಳಿಯಲ್ಲ."

ಗುಮಾಸ್ತನಿಗೆ ಬರುತ್ತಿದ್ದ ಅಡುಗೆ ಬಿಸಿನೀರು ಒಂದೇ. ಅದನ್ನೂ ಒಮ್ಮೆ ತಳ ಹಿಡಿಸಿದ್ದ. ಅಲ್ಲದೆ ಅವಳ ಹುರುಳಿಕಾಯಿ ಪಲ್ಯವೆಂದರೆ ಸುಮ್ಮನೆ ಅಲ್ಲ. ಅರೆಬೆಂದಾಗಲೇ ಇಳಿಸಿ, ಜಜ್ಜಿದ ಬೆಳ್ಳುಳ್ಳಿ ಬಾಡಿಸಿದ ಎಣ್ಣೆಯಲ್ಲಿ ಒಮ್ಮೆ ಹೊರಳಾಡಿಸಿ, ಮೇಲೆ ನಾಲ್ಕು ಹನಿ ನಿಂಬೆ. ಹಲ್ಲಿಗೆ ಸಿಕ್ಕಾಗಲೂ ಆ ಚಟ್ ಶಬ್ದ ಉಳಿದಿರುತ್ತಿತ್ತು. ಅದಕ್ಕಾಗಿಯೇ ಮದುವೆಗೆ ಒಪ್ಪಿದೆನೆಂದು ಅವನು ಸ್ನೇಹಿತರಲ್ಲಿ ಹೇಳಿಕೊಂಡದ್ದುಂಟು. ಹೆಂಡತಿಯ ಮುಂದೆ ಹೇಳಿರಲಿಲ್ಲ.

ಮರುದಿನ ಸೋಮವಾರ. ಅವನು ಧೈರ್ಯಮಾಡಿ ಅದೇ ಪಲ್ಯವನ್ನು ಡಬ್ಬಿಗೆ ತುಂಬಿಸಿಕೊಂಡು ಹೋದ. ಆರು ಡಬ್ಬಿಗಳು ಕೆಂಪಗಿದ್ದವು. ಅಧಿಕಾರಿಗಳು ನಾಲ್ಕನೆಯದರ ಮುಂದೆ ನಿಂತರು.

"ಏನ್ರೀ ಇದು?"

"ಹುರುಳಿಕಾಯಿ, ಸರ್."

"ಈಗಿನ ಹಂಗಾಮು ಯಾವುದು?"

"ಬೀಟ್‌ರೂಟ್, ಸರ್. ಆದ್ರೆ ನಮ್ಮ ಹಿತ್ತಲಲ್ಲಿ ಇದು ಬಿಟ್ಟಿದೆ."

"ಯಾರ ಅಪ್ಪಣೆ ಕೇಳಿ ಬಿಡ್ತು?"

ಈ ಪ್ರಶ್ನೆಗೆ ಬಳ್ಳಿಯ ಪರವಾಗಿ ಉತ್ತರಿಸುವ ಅಧಿಕಾರ ಗುಮಾಸ್ತನಿಗಿರಲಿಲ್ಲ. ಆದರೂ ಕೇಳಿದ, "ನಾಲ್ಕು ಜನ ಇದನ್ನೇ ತಂದ್ರೆ ಹಂಗಾಮು ಬದಲಾಗುತ್ತಲ್ಲ, ಸರ್?"

"ಖಂಡಿತ ಬದಲಾಗುತ್ತೆ. ನಾಲ್ಕು ಜನ ತರ್ಬೇಕು. ಆದ್ರೆ ಹಂಗಾಮು ಅಲ್ಲದ್ದನ್ನ ಒಬ್ಬರೂ ತರೋ ಹಾಗಿಲ್ಲ. ನಿಯಮ ಎಷ್ಟು ಸರಳವಾಗಿದೆ ನೋಡಿ, ಮಕ್ಕಳಿಗೂ ಅರ್ಥವಾಗುತ್ತೆ."

ಮಕ್ಕಳು ಯಾರೂ ಅಲ್ಲಿರಲಿಲ್ಲವಾಗಿ ಮಾತು ಅಲ್ಲಿಗೇ ನಿಂತಿತು. ಗುಮಾಸ್ತನಿಗೆ ಎಚ್ಚರಿಕೆಯ ಮೆಮೊ ಕೊಡಲಾಯಿತು. ಪಲ್ಯವನ್ನು ಸಾಕ್ಷ್ಯವೆಂದು ವಶಪಡಿಸಿಕೊಂಡು, ಅಧಿಕಾರಿಗಳು ಪರಿಶೀಲನಾರ್ಥವಾಗಿ ರುಚಿ ನೋಡಿದರು. ಎರಡನೆಯ ಸಲ ಪರಿಶೀಲಿಸಿದರು. ಕಡೆಗೆ ಲಕೋಟೆಯೊಳಗೆ ಹಾಕಿ ಅರಗು ಒತ್ತಲು ಉಳಿದದ್ದು ಮೂರು ಕಾಯಿ.

ಸಂಜೆ ಹೆಂಡತಿ ಮೆಮೊ ಓದಿದಳು. ನಿಯಮಾವಳಿ ಪುಸ್ತಕ ತರಿಸಿ ಅದನ್ನೂ ಓದಿದಳು. ಇದುವರೆಗೆ ಅದನ್ನು ಪೂರ್ತಿ ಓದಿದವರು ಬಹುಶಃ ಅವಳೊಬ್ಬಳೇ. ಅಚ್ಚು ಹಾಕಿದವರೂ ನಡುವೆ ಕೆಲವು ಪುಟ ಬಿಟ್ಟಿದ್ದರು.

"ರೀ, ಖಾಲಿ ಡಬ್ಬಿ ತರಬಾರದು ಅಂತ ಇದ್ರಲ್ಲಿ ಎಲ್ಲಿದೆ?"

"ಎಲ್ಲೂ ಇಲ್ಲ. ಯಾಕೆ?"

"ಏನಿಲ್ಲ. ನಾಲ್ಕು ಡಬ್ಬಿ ಖಾಲಿ ಇದ್ರೆ ಬೀಟ್‌ರೂಟು ಉಳಿಯೋದು ಮೂರೇ. ಅದರ ಹಂಗಾಮು ಅಲ್ಲಿಗೆ ಮುಗೀತು. ಹಂಗಾಮೇ ಇಲ್ಲ ಅಂದ್ಮೇಲೆ ಯಾರು ಏನು ಬೇಕಾದ್ರೂ ಬೇಯಿಸ್ಕೋಬಹುದು."

ಆಮೇಲೆ ಫೋನು ಹಿಡಿದು ಕೂತಳು. ಎರಡನೇ, ಐದನೇ ಮತ್ತು ಏಳನೇ ಗುಮಾಸ್ತರ ಹೆಂಡತಿಯರ ಜೊತೆ ಮಾತು ಮುಗಿಯುವಷ್ಟರಲ್ಲಿ ಫೋನು ಇಸ್ತ್ರಿಪೆಟ್ಟಿಗೆಯಷ್ಟು ಕಾದಿತ್ತು. ಹೆಚ್ಚು ಒಪ್ಪಿಸಬೇಕಾಗಿ ಬರಲಿಲ್ಲ. ಐದನೆಯವರ ಮನೆಯಲ್ಲಿ ಬೆಕ್ಕೂ ಗುಲಾಬಿಯಾಗಿತ್ತಂತೆ.

ಎಂಟನೆಯ ದಿನ, ಮತ್ತೆ ಸೋಮವಾರ. ಏಳು ಮುಚ್ಚಳಗಳು ತೆರೆದವು. ಮೂರು ಕೆಂಪು; ನಾಲ್ಕರಲ್ಲಿ ಪಾತ್ರೆಯ ತಳ ಫಳಫಳ ಹೊಳೆಯುತ್ತಿತ್ತು. ಸಾಹುಕಾರನೂ ಯಾವುದೋ ಅರ್ಜಿಯ ನೆಪದಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ. ಅವನ ಬಾಯಿ ತೆರೆದುಕೊಂಡಿತು.

ಅಧಿಕಾರಿಗಳು ಒಂದು ಲೋಟ ನೀರು ಕುಡಿದರು.

"ಈ ನಾಲ್ಕು ಡಬ್ಬಿಗಳಲ್ಲಿ ಏನು ಕಂಡುಬರ್ತಿದೆ?"

"ಏನೂ ಇಲ್ಲ, ಸರ್," ಎಂದ ನಾಲ್ಕನೇ ಗುಮಾಸ್ತ.

"ಏನೂ ಇಲ್ಲ ಅಂತ ನಮೂನೆಯಲ್ಲಿ ಬರೆಯೋಕೆ ಜಾಗ ಇಲ್ಲ, ಕಣ್ರೀ. ತರಕಾರಿಯ ಹೆಸರು ಹೇಳಿ."

"ಖಾಲಿ, ಸರ್."

"ಹಾಗೆ ಹೇಳಿ ಮತ್ತೆ!" ಎಂದವರೇ ಬರೆದು, ರುಜು ಹಾಕಿ, ಮೊಹರು ಒತ್ತಿದರು. ಮಧ್ಯಾಹ್ನ ಮೂರಕ್ಕೆಲ್ಲ ಪ್ರಕಟಣೆ ಮೆಟ್ಟಿಲಿಳಿಯಿತು.

"ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಖಾಲಿಯ ಹಂಗಾಮು ಜಾರಿಯಲ್ಲಿರುತ್ತದೆ. ಖಾಲಿಯನ್ನು ಚೆನ್ನಾಗಿ ತೊಳೆದು, ಅಗತ್ಯವಿದ್ದಲ್ಲಿ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಹದವಾಗಿ ಬೇಯಿಸತಕ್ಕದ್ದು. ಸಲಾಡಿಗೆ ಹಸಿಯಾಗಿಯೇ ಬಳಸಬಹುದು. ಬಲಿತ ಖಾಲಿಯನ್ನು ಎಳೆಯದೆಂದು ಮಾರುವವರ ಮೇಲೆ ಕ್ರಮ ಜರುಗಿಸಲಾಗುವುದು."

ಗುಮಾಸ್ತ ಜೋಲುಮೋರೆ ಹಾಕಿಕೊಂಡು ಮನೆಗೆ ಬಂದ. "ಎಲ್ಲ ಕೆಟ್ಟಿತು ಕಣೇ. ಇನ್ನು ಖಾಲಿ ಒಂದನ್ನೇ ಬೇಯಿಸ್ಬೇಕಂತೆ."

ಹೆಂಡತಿ ಪ್ರಕಟಣೆಯನ್ನು ಒಮ್ಮೆ ಓದಿ, ಬುಟ್ಟಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಬೆಳ್ಳುಳ್ಳಿಯ ವಾಸನೆ ಬೀದಿಗೆ ಹರಿಯಿತು. ಅದರ ಬೆನ್ನಿಗೇ ವಾಸನಾ ಪರಿವೀಕ್ಷಕರು ಬಾಗಿಲು ಬಡಿದರು. ಗುಮಾಸ್ತ ಹೋಗಿ ಚಿಲಕ ತೆಗೆದ.

"ಏನಮ್ಮ ಅಡುಗೆ?"

"ಖಾಲಿ, ಅಣ್ಣ."

"ಹೌದಾ?" ಅವರು ಬಾಣಲೆಗೆ ಮೂಗು ತೂರಿಸಿದರು. "ನನಗೂ ಇದು ಹೊಸದು, ತಾಯಿ. ಖಾಲಿಯ ವಾಸನೆ ಹೇಗಿರುತ್ತೆ ಅಂತ ಇಲಾಖೆಯಿಂದ ಪಟ್ಟಿ ಇನ್ನೂ ಬಂದಿಲ್ಲ."

"ಹೀಗೇ ಇರುತ್ತೆ. ಬರ್ಕೊಳ್ಳಿ."

ಅವರು ಬರೆದುಕೊಂಡರು. ಖಾಲಿ: ಹಸಿರು, ಉದ್ದ, ಬೆಳ್ಳುಳ್ಳಿ ಪರಿಮಳ. ಎದುರುಮನೆಯಲ್ಲಿ ಖಾಲಿ ಬೆಳ್ಳಗಿತ್ತು, ಮೂಲಂಗಿಯಂತೆ ಘಾಟು. ಪಕ್ಕದ ಓಣಿಯಲ್ಲಿ ಕಿತ್ತಳೆ ಬಣ್ಣದ್ದು, ಬೀಜ ತೆಗೆದರೆ ಕುಂಬಳಕಾಯಿಯಷ್ಟೇ ಸಿಹಿ. ಕತ್ತಲಾಗುವಷ್ಟರಲ್ಲಿ ಖಾಲಿಯಲ್ಲಿ ಹದಿನಾಲ್ಕು ತಳಿಗಳಿವೆಯೆಂದು ವರದಿ ಸಿದ್ಧವಾಯಿತು. ಸಾಹುಕಾರನೂ ಸುಮ್ಮನೆ ಕೂರಲಿಲ್ಲ. ದಾಸ್ತಾನಿನ ಮೂಟೆಗಳ ಮೇಲೆ "ಕೆಂಪು ಖಾಲಿ" ಎಂದು ಬರೆಸಿದ. ಬರಿದಾದ ಮೂಟೆಗಳಿಗೆ "ಶುದ್ಧ ಖಾಲಿ, ಒಂದನೇ ದರ್ಜೆ" ಎಂದು ಬರೆಸಿ ಮೂರುಪಟ್ಟು ಬೆಲೆ ಇಟ್ಟ. ಮೊದಲು ಮುಗಿದುಹೋದದ್ದು ಅವೇ. ಕಲಬೆರಕೆ ಇಲ್ಲವಲ್ಲ ಎಂದು ಜನ ಮೆಚ್ಚಿಕೊಂಡರು.

ಆ ವಾರದ ಕೊನೆಗೆ ಅಧಿಕಾರಿಗಳನ್ನೂ ಸಾಹುಕಾರನನ್ನೂ ಗುಮಾಸ್ತ ಊಟಕ್ಕೆ ಕರೆದ. ಬಳ್ಳಿಯ ಹೊಸ ಹೀಚುಗಳು ಆಗಷ್ಟೇ ಬಾಣಲೆಯಿಂದ ಇಳಿದಿದ್ದವು.

"ನಿಮಗೆ ಯಾವ ಖಾಲಿ ಬಡಿಸ್ಲಿ, ಸರ್?" ಎಂದು ಹೆಂಡತಿ ಕೇಳಿದಳು. "ಹಸಿರಾ, ಶುದ್ಧಾನಾ?"

ಅಧಿಕಾರಿಗಳ ಕಣ್ಣು ಹಸಿರಿನ ಕಡೆ ಹೋಗಿ, ಪಕ್ಕದಲ್ಲಿ ಕೂತ ಸಾಹುಕಾರನ ಮೇಲೆ ಬಿದ್ದು, ಹಿಂದಿರುಗಿತು. ಹುದ್ದೆಯ ಘನತೆ ದೊಡ್ಡದು.

"ಶುದ್ಧವಾದದ್ದೇ ಹಾಕಿ, ತಾಯಿ."

ಅವಳು ಸೌಟನ್ನು ಬರಿ ಪಾತ್ರೆಯಲ್ಲಿ ಮುಳುಗಿಸಿ ಅವರಿಗೂ ಸಾಹುಕಾರನಿಗೂ ಎರಡೆರಡು ಸಲ ಬಡಿಸಿದಳು. ಅಧಿಕಾರಿಗಳು ಬರಿತಟ್ಟೆಯನ್ನು ಕಲಸಿ, ತುತ್ತು ಮಾಡಿ, ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು. ಪಕ್ಕದಲ್ಲಿ ಗುಮಾಸ್ತನ ಹಲ್ಲಿನಡಿ ಹುರುಳಿಕಾಯಿ ಚಟ್ ಚಟ್ ಎನ್ನುತ್ತಿತ್ತು.

"ಚೆನ್ನಾಗಿದೆ," ಎಂದರು ಅಧಿಕಾರಿಗಳು. "ಉಪ್ಪು ಒಂದು ಚೂರು ಮುಂದಾಗಿದೆ."

"ಹೌದು ಸರ್, ನನಗೂ ಅನ್ನಿಸ್ತು," ಎಂದ ಸಾಹುಕಾರ.

"ಮುಂದಿನ ಸಲ ಸರಿಮಾಡ್ತೀನಿ," ಎಂದಳು ಹೆಂಡತಿ. ಅವರು ಬೇಡ ಬೇಡವೆನ್ನುತ್ತಿದ್ದರೂ ಇನ್ನೊಂದು ಸೌಟು ಹಾಕಿದಳು.