ನೆರಳಿನ ಕೋಳಿ, ಬಿಸಿಲಿನ ಕೋಳಿ

ಧರೆಪ್ಪನ ಫಜೀತಿ ಶುರುವಾದದ್ದು ಕೋಳಿಗಳು ಬಾಯಿ ತೆರೆದದ್ದರಿಂದ.

ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ ಅವನು ಮೇ ತಿಂಗಳ ಬಿಸಿಲನ್ನೇ ಹುಡುಕಿಕೊಂಡು ಆಲಮೇಲದ ತನ್ನ ಮನೆಗೆ ಬಂದಿದ್ದ. ಮೂರು ಕೋಳಿ ತಗಡಿನ ಗೂಡಿನಲ್ಲಿ, ಮೂರು ಬೇವಿನ ನೆರಳಿನಲ್ಲಿ. ಮಧ್ಯಾಹ್ನ ಕೊಯ್ದು, ಯಕೃತ್ತುಗಳನ್ನು, ಊರಿನ ಮಾತಿನಲ್ಲಿ ಕಲೇಜಿಗಳನ್ನು, ತಣ್ಣನೆಯ ಬರ್ಫದಲ್ಲಿಟ್ಟು, ಸಂಜೆಯ ಬಸ್ಸಿಗೆ ಹೊರಡಬೇಕು. ಬರ್ಫ ತಪ್ಪಿದರೆ ಜೀನುಗಳು ಯಕೃತ್ತಿಗೆ ಕೊಟ್ಟ ಸುದ್ದಿಯೆಲ್ಲ ಅಳಿಸಿಹೋಗುತ್ತದೆ. ಹಿಂದೆ ಒಮ್ಮೆ ಹಾಗೇ ಆಗಿತ್ತು. ಈ ಸಲವೂ ಕೆಟ್ಟರೆ ಸೀಟು ಬೇರೆಯವರಿಗೆ ಎಂದು ಗುರುಗಳು ಖಡಾಖಂಡಿತವಾಗಿ ಹೇಳಿದ್ದರು.

ಪಕ್ಕದ ಮನೆಯ ಹನಮವ್ವ ಗೋಡೆಯ ಮೇಲಿಂದ ಇಣುಕಿದಳು.

"ಏನೋ ತಮ್ಮಾ, ಕೋಳಿ ತೇಕಾಕತ್ತಾವು. ನೀರರ ಕುಡಸೋ."

"ತೇಕಲಿ ಬಿಡು ಚಿಗವ್ವಾ. ಬಿಸಿಲು ಹತ್ತಿದ್ರ ಕಲೇಜಿ ಒಳಗಿನ ಜೀನು ಏನ್ ಮಾಡ್ತಾವಂತ ನೋಡಬೇಕು."

"ಜೀನು ಅಂದ್ರ?"

"ಅವ್ವ ಅಪ್ಪನಿಂದ ಬಂದ ಹುಕುಂ. ತಂಪಿದ್ದಾಗ ಕೆಲವು ಸುಮ್ಮನ ಮಲಗಿರ್ತಾವು. ಬಿಸಿಲು ಹೊಡದ್ರ ಎದ್ದು ಕೂಡ್ತಾವು."

"ಖರೇ ಐತಿ. ಬಿಸಿಲಾಗ ತಿರುಗಿ ಬಂದ್ರ ನಮ್ಮ ಮನಿಯವರ ಬಾಯಾಗ ನಮ್ಮತ್ತಿ ಮಾತಾಡ್ತಾಳ."

ಇಷ್ಟು ಬೇಗ ಇದು ಯಾರಿಗೂ ಅರ್ಥವಾಗಿರಲಿಲ್ಲ. ಧರೆಪ್ಪ ಹಿಗ್ಗಿದ. ಹಿಗ್ಗು ಇಳಿಯುವ ಮೊದಲೇ ಹನಮವ್ವ ಒಂದು ಕೊಡ ನೀರನ್ನು ತಗಡಿನ ಮೇಲೆ ಸುರಿದಳು. ಅವನು ತಗಡು ಒರೆಸುವಷ್ಟರಲ್ಲಿ ಅವನ ತಾಯಿ ಸಾವಂತ್ರವ್ವ ಕೋಳಿಗಳ ಮುಂದೆ ಮಜ್ಜಿಗೆ ಇಡಲು ಬಂದಳು. ಇನ್ನು ಯಾರನ್ನೂ ನಂಬಬಾರದೆಂದು ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು, ಹಂಚಿನ ಮೇಲೆ ಮರೆತ ರೊಟ್ಟಿಯಂತೆ ಬಿಸಿಲಲ್ಲೇ ನಿಂತ.

ಕೊಯ್ಯಲು ಬಂದ ಜೈನುದ್ದೀನ ಚೂರಿ ಮಸೆಯುತ್ತ ಅವನನ್ನು ನೋಡಿದ.

"ಧರೆಪ್ಪಾ, ಕೋಳಿಕಿಂತ ನಿನ್ನ ಬಾಯಿ ಜಾಸ್ತಿ ತೆರದೈತಿ."

"ನನ್ನ ಚಿಂತಿ ಬಿಡ್ರಿ ಕಾಕಾ. ಹೊತ್ತು ತಪ್ಪಸಬ್ಯಾಡ್ರಿ. ಬಿಸಿಲಿನವು ನೆಳ್ಳಿನವು ಕಲಸಬ್ಯಾಡ್ರಿ" ಎಂದ ಧರೆಪ್ಪ, ಅಷ್ಟು ಹೇಳಿ ಬಿದ್ದ.

ಕಣ್ಣು ಬಿಟ್ಟಾಗ ಕಟ್ಟೆಯ ಮೇಲಿದ್ದ. ತಲೆಯಿಂದ ನೀರು ಇಳಿಯುತ್ತಿತ್ತು. ಬೆಳಿಗ್ಗೆ ಸಿಂದಗಿಯಿಂದ ಕಟ್ಟಿಗೆಹೊಟ್ಟಿನಲ್ಲಿ ಮುಚ್ಚಿ ತಂದ ಬರ್ಫದ ಚೀಲ ಪಕ್ಕದಲ್ಲಿ ಬರಿದಾಗಿ ಬಿದ್ದಿತ್ತು.

"ಬರ್ಫ ಕಲೇಜಿಗೋ, ನಿನ್ನ ತಲಿಗೋ ಅಂತ ಮಾತಾತು" ಎಂದ ಜೈನುದ್ದೀನ. "ನಾನೂ ಹನಮವ್ವನೂ ಕಲೇಜಿಗೆ ಅಂದ್ವಿ. ನಿಮ್ಮವ್ವ ಕೇಳಲಿಲ್ಲ."

ಕೋಳಿ ಉಳಿದಿದ್ದರೆ ನಾಳೆ ಬೇರೆ ಬರ್ಫ ತರಬಹುದು. ಧರೆಪ್ಪ ಆಸೆಯಿಂದ ಕೇಳಿದ, "ಕೋಳಿ?"

"ಹೇಳಿದ ಹೊತ್ತಿಗೇ ಕೊಯ್ದೇನಿ."

"ಹಂಗಾರ ಕಲೇಜಿ ಕೆಟ್ಟವು."

"ಕೆಡಾಕ ಬಿಡ್ತೇವೇನು? ನಿನ್ನ ಓದಿನ ಕೆಲಸ ಅದು" ಎಂದಳು ಹನಮವ್ವ.

ಊರಿನಲ್ಲಿ ಬೇಸಿಗೆಗೆ ಖಂಡ ಒಣಗಿಸುವಂತೆ, ಉಪ್ಪು ಅರಿಶಿಣ ಹಚ್ಚಿದ ಯಕೃತ್ತುಗಳು ಅಂಗಳದ ಹಗ್ಗಗಳಲ್ಲಿ ತೂಗುತ್ತಿದ್ದವು. ಒಂದು ಹಗ್ಗ ಸುಡು ಬಿಸಿಲಲ್ಲಿ. ಇನ್ನೊಂದು ಬೇವಿನ ಕೆಳಗೆ.

"ಬಿಸಿಲಿನ ಕೋಳಿವು ಬಿಸಿಲಾಗ, ನೆಳ್ಳಿನವು ನೆಳ್ಳಾಗ. ಕೈ ತೊಳಕೊಂಡು ತೊಳಕೊಂಡು ಮುಟ್ಟೇನಿ ತಮ್ಮಾ. ಒಂದೂ ಕಲಸಿಲ್ಲ."

ಧಾರವಾಡದ ಪ್ರಯೋಗಶಾಲೆಯಲ್ಲಿ ಇಷ್ಟು ನಿಷ್ಠೆಯನ್ನು ಧರೆಪ್ಪ ಕಂಡಿರಲಿಲ್ಲ. ಸೀಟು ಹೋದ ದುಃಖದಲ್ಲೂ ಎದ್ದು ಎರಡೂ ಹಗ್ಗ ನೋಡಿ ಬಂದ.

"ಚಲೋ ಮಾಡಿದಿ ಚಿಗವ್ವಾ" ಎಂದ.

ಬಸ್ಸಿನ ಹೊತ್ತಿಗೆ ಹನಮವ್ವ ಆ ಕಲೇಜಿಗಳನ್ನು ಎರಡು ಗಂಟು ಕಟ್ಟಿ ಅವನ ಕೈಗಿತ್ತಳು.

"ನಿಮ್ಮ ಗುರುಗಳಿಗೆ ಹೇಳು, ಹುರಿಯುವ ಮುಂದ ಒಲಿ ಮ್ಯಾಲಿನ ಬೋಗಾಣಿನೂ ಬ್ಯಾರೆ ಬ್ಯಾರೆ ಇಡ್ರಿ ಅಂತ."