ಸಾವಿರ ಮೆಟ್ಟಿಲಿಗೆ ಸಾವಿರ ಸಲ ಬಗ್ಗಿದವಳ ಅಹವಾಲು

ಮಾನ್ಯ ಶಿಖರಸಖ ಅವರ ಸನ್ನಿಧಾನಕ್ಕೆ,
ವಿಶ್ವ ಚಾರಣ ಆಯ್ಕೆ ವಿಭಾಗ,
ನನ್ನ ಮೊಬೈಲಿನ ಎರಡನೇ ಪುಟ, ಕ್ಯಾಲ್ಕುಲೇಟರ್ ಪಕ್ಕ.

ವಿಷಯ: ನಾನು ಯಂತ್ರವೆಂದು ತಾವು ದಯಮಾಡಿ ತೀರ್ಮಾನಿಸಿರುವ ಕುರಿತು.

ಮಾನ್ಯರೇ,

ಮೈಸೂರಿನ ಚಾಮರಾಜಪುರಂನಲ್ಲಿ ಇಪ್ಪತ್ತಾರು ವರ್ಷಗಳಿಂದ ರವಿಕೆ ಹೊಲಿದುಕೊಂಡು ಬಂದಿರುವ ಪ್ರೇಮಮ್ಮ ಎಂಬ ನಾನು, ತಮ್ಮ ಪಾದಗಳಿಗೆ ನಮಸ್ಕರಿಸಿ ಬರೆಯಬೇಕೆಂದುಕೊಂಡೆ. ಆದರೆ ತಮಗೆ ಪಾದಗಳೇ ಇಲ್ಲವೆಂದೂ, ತಾವು ಮೊಬೈಲಿನೊಳಗೆ ವಾಸವಾಗಿರುವ ಒಂದು ತಂತ್ರಾಂಶವೆಂದೂ, ತಾವು ಇದುವರೆಗೆ ಒಂದು ಗುಡ್ಡವನ್ನೂ ಹತ್ತಿಲ್ಲವೆಂದೂ ಮಗಳು ಲಾಸ್ಯ ತಿಳಿಸಿದ್ದರಿಂದ, ನಮಸ್ಕಾರವನ್ನು ತಾವಿರುವ ಕಡೆಗೇ ಕಳುಹಿಸುತ್ತಿದ್ದೇನೆ, ಸ್ವೀಕರಿಸಬೇಕು. ಪಾದವಿಲ್ಲದೆಯೇ ಲೋಕದ ಬೆಟ್ಟಗಳನ್ನೆಲ್ಲ ಬಲ್ಲ ತಮ್ಮಂಥವರ ಎದುರು, ಎರಡು ಪಾದವಿದ್ದೂ ಒಂದೇ ಬೆಟ್ಟ ಬಲ್ಲ ನನ್ನಂಥವಳು ಮಾತನಾಡುವುದು ಅಧಿಕಪ್ರಸಂಗವೆಂದು ಗೊತ್ತು. ಆದರೂ ಹೊಟ್ಟೆ ಉರಿಯುತ್ತಿರುವುದರಿಂದ ಮಾತನಾಡುತ್ತಿದ್ದೇನೆ.

ನಡೆದದ್ದನ್ನು ಮೊದಲಿನಿಂದ ಅರಿಕೆ ಮಾಡಿಕೊಳ್ಳುತ್ತೇನೆ. "ಅಮ್ಮಾ, ಬೆಳಗಿಂದ ಸಂಜೆ ತನಕ ಕೂತಲ್ಲೇ ಕೂತಿರ್ತೀಯ, ಇದನ್ನ ಕಟ್ಕೋ, ಎಷ್ಟು ನಡೆದೆ ಅಂತ ಅದೇ ಹೇಳುತ್ತೆ ಕಣಮ್ಮ" ಎಂದು ಮಗಳು ನನ್ನ ಹುಟ್ಟಿದ ದಿನಕ್ಕೆ ಒಂದು ಗಡಿಯಾರ ತಂದುಕೊಟ್ಟು, ಅದನ್ನು ತಮ್ಮೊಂದಿಗೆ ಜೋಡಿಸಿದಳು. ನನ್ನ ಎಡಗೈಗೆ ಗುಂಡುಸೂಜಿ ಚುಚ್ಚಿಡುವ ಪಟ್ಟಿ ಇರುವುದರಿಂದ ಗಡಿಯಾರವನ್ನು ಬಲಗೈಗೆ ಕಟ್ಟಿಕೊಂಡೆ. ನನ್ನ ಮೇಲೆ ಬಂದಿರುವ ಎಲ್ಲ ಆಪಾದನೆಗಳಿಗೂ ಮೂಲ ಈ ಬಲಗೈ. ಏಕೆಂದರೆ ಆಷಾಢದ ಕೊನೆಯ ಶುಕ್ರವಾರ ನಾನೂ ನನ್ನ ಗೆಳತಿ, ಅಗ್ರಹಾರದಲ್ಲಿ ಹೂ ಮಾರುವ ಚಾಮುಂಡಮ್ಮನೂ ಬೆಳಗಿನ ಐದೂವರೆಗೆ ಬೆಟ್ಟದ ಪಾದದ ಹತ್ತಿರ ಸೇರಿ, ಪ್ರತಿವರ್ಷದಂತೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಲ್ಲಿ ಒಂದೊಂದಕ್ಕೂ ಬಗ್ಗಿ, ಆ ಕೈಯಲ್ಲೇ ಅರಿಶಿನ ಹಚ್ಚಿ, ಕುಂಕುಮವಿಟ್ಟು, ಎದ್ದು, ಮುಂದಿನ ಮೆಟ್ಟಿಲಿಗೆ ಮತ್ತೆ ಬಗ್ಗಿ, ಹೀಗೆಯೇ ತುದಿಯವರೆಗೆ ಹೋದೆವು. ಇದು ನಮ್ಮೂರಿನ ಹೆಂಗಸರು ಯಾರನ್ನೂ ಕೇಳದೆ, ಯಾರಿಗೂ ಹೇಳದೆ ಮಾಡಿಕೊಂಡು ಬಂದಿರುವ ಹರಕೆ.

ತುದಿಗೆ ಹೋಗಿ ಅಮ್ಮನವರ ದರ್ಶನ ಮಾಡಿ ಕುಳಿತು ಸೊಂಟ ನೀವಿಕೊಳ್ಳುವಷ್ಟರಲ್ಲಿ ಗಡಿಯಾರ ಗುಂಯ್ ಎಂದು, ತಮ್ಮ ಸಂದೇಶ ಬಂತು. "ಅಭಿನಂದನೆಗಳು! ಈ ತಿಂಗಳ ಅಪ್ರತಿಮ ಏರಿಕೆ ತಮ್ಮದು! ಹನ್ನೆರಡು ವಿಶ್ವವಿಖ್ಯಾತ ಚಾರಣಗಳಲ್ಲಿ ತಮಗೆ ಬೇಕಾದ ಒಂದನ್ನು ಆರಿಸಿಕೊಳ್ಳಿ, ವೆಚ್ಚವೆಲ್ಲ ನಮ್ಮದು, ಒಬ್ಬರಿಗೆ ಮಾತ್ರ!" ನಾನು ಅದನ್ನು ಮೂರು ಸಲ ಓದಿದೆ. ಚಾಮುಂಡಮ್ಮ ಮೊಬೈಲನ್ನು ಕಣ್ಣಿಗೆ ಒತ್ತಿಕೊಂಡು, "ಅಮ್ಮನೇ ಕೊಡ್ಸವ್ಳೆ ಬುಡು" ಎಂದಳು.

ಆಮೇಲೆ ತಾವು ಆಯ್ಕೆಗೆ ನೆರವಾಗಲೆಂದು ಕೇಳಿದ ಪ್ರಶ್ನೆಗಳಿಗೆ ನಾನು ಒಂದಿಷ್ಟೂ ಸುಳ್ಳಿಲ್ಲದೆ ಉತ್ತರಿಸಿದ್ದೇನೆಂಬುದನ್ನು ಗಮನಿಸಬೇಕಾಗಿ ಪ್ರಾರ್ಥನೆ. ಯಾವ ಬಗೆಯ ಬೂಟು ಬಳಸುತ್ತೀರಿ ಎಂದಿರಿ, ಬರಿಗಾಲು ಎಂದೆ. ಬೆನ್ನ ಮೇಲೆ ಎಷ್ಟು ಭಾರ ಹೊರಬಲ್ಲಿರಿ ಎಂದಿರಿ, ಬೆನ್ನ ಮೇಲೆ ಏನೂ ಇಲ್ಲ, ಕೈಯಲ್ಲಿ ತಟ್ಟೆ ಎಂದೆ. ದಾರಿಯಲ್ಲಿ ಶಕ್ತಿಗಾಗಿ ಏನು ಸೇವಿಸುತ್ತೀರಿ ಎಂದಿರಿ, ಶುಕ್ರವಾರವಾದ್ದರಿಂದ ಏನೂ ಇಲ್ಲ ಎಂದೆ. ತಾವು ಕೂಡಲೇ ನನ್ನನ್ನು ಅತ್ಯಂತ ಅಪಾಯಕಾರಿ ಶಿಖರಗಳಿಗೆ ಯೋಗ್ಯಳೆಂದು ಘೋಷಿಸಿ, ಹಿಮಗೊಡಲಿಯ ಜಾಹೀರಾತು ಕಳುಹಿಸಿದಿರಿ. ರವಿಕೆಯ ಗುಂಡಿಯನ್ನೂ ಕಣ್ಣಿನ ಹತ್ತಿರ ಹಿಡಿದುಕೊಂಡು ಹೊಲಿಯುವ ನನಗೆ ಇಷ್ಟು ದೊಡ್ಡ ಮರ್ಯಾದೆಯನ್ನು ಹಿಂದೆ ಯಾರೂ ಕೊಟ್ಟಿರಲಿಲ್ಲ.

ಹನ್ನೆರಡು ಚಾರಣಗಳ ಪಟ್ಟಿಯನ್ನು ಹೊಲಿಗೆ ಮಿಷನ್ ಮೇಲೆ ಇಟ್ಟುಕೊಂಡು ಹದಿನೈದು ದಿನ ಓದಿದೆವು, ಮಾನ್ಯರೇ. ತಮ್ಮ ವಿವರಣೆಗಳ ಸೊಬಗನ್ನು ಎಷ್ಟು ಹೊಗಳಿದರೂ ಸಾಲದು. ಎಷ್ಟು ಮೀಟರ್ ಎತ್ತರ, ಎಷ್ಟು ಕಿಲೋಮೀಟರ್ ದೂರ, ರಾತ್ರಿ ಎಷ್ಟು ಚಳಿ, ಯಾವ ಹಕ್ಕಿ ಕೂಗುತ್ತದೆ, ಸೂರ್ಯ ಯಾವ ಬಣ್ಣದಲ್ಲಿ ಮುಳುಗುತ್ತಾನೆ, ಎಲ್ಲವೂ ಇದೆ. ಆದರೆ ಎಷ್ಟು ಮೆಟ್ಟಿಲು ಎಂಬ ಒಂದೇ ಒಂದು ಉಪಯುಕ್ತ ಮಾಹಿತಿ ಎಲ್ಲಿಯೂ ಇಲ್ಲ. ಮೆಟ್ಟಿಲ ಲೆಕ್ಕ ಗೊತ್ತಿಲ್ಲದೆ ಕುಂಕುಮ ಎಷ್ಟು ಕೊಳ್ಳುವುದು? ಸಾವಿರಕ್ಕೆ ಕಾಲು ಕಿಲೋ ಬೇಕಾಗುತ್ತದೆ, ಗಾಳಿ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು. ಇದನ್ನೇ ತಮ್ಮನ್ನು ಏಳು ಸಲ ಕೇಳಿದೆ. ಏಳು ಸಲವೂ ತಾವು, "ತಮ್ಮ ಪ್ರಶ್ನೆ ಅರ್ಥವಾಗಲಿಲ್ಲ, ಉಣ್ಣೆಯ ಕಾಲುಚೀಲ ನೋಡುವಿರಾ?" ಎಂದಿರಿ.

ಹೀಗಾಗಿ ನಾವೇ ತೂಗಿ ನೋಡಬೇಕಾಯಿತು. ಆಫ್ರಿಕಾದ ಕಿಲಿಮಂಜಾರೋ ಚಿತ್ರವನ್ನು ಚಾಮುಂಡಮ್ಮ ಕಣ್ಣಿನ ಹತ್ತಿರ ಹಿಡಿದು ನೋಡಿ, "ಮೆಟ್ಲೇ ಇಲ್ವಲ್ಲೇ, ಎಂಗೆ ಹತ್ತಾರು?" ಎಂದು ತಿರಸ್ಕರಿಸಿದಳು. ಎವರೆಸ್ಟಿನ ಬುಡದವರೆಗೆ ಹೋಗುವುದಂತೆ, ತುದಿಗೆ ಹೋಗದೆ ಬುಡದಲ್ಲೇ ಕೈಮುಗಿದು ಬರುವುದಕ್ಕೆ ಅಷ್ಟು ದೂರ ಏಕೆ ಎಂದು ಅದನ್ನೂ ಬಿಟ್ಟೆವು. ಸ್ಪೇನ್ ದೇಶದಲ್ಲಿ ತಿಂಗಳುಗಟ್ಟಲೆ ದೇವಸ್ಥಾನಕ್ಕೆ ನಡೆದುಕೊಂಡು ಹೋಗುವುದು ಮನಸ್ಸಿಗೆ ಬಂತು, ಆದರೆ ಅಷ್ಟು ದಿನ ಅಂಗಡಿ ಮುಚ್ಚಿದರೆ ಗಿರಾಕಿಗಳು ಸರಸ್ವತಿಪುರಂ ಟೈಲರ್ ಕಡೆಗೆ ಹೋಗಿಬಿಡುತ್ತಾರೆ. ನಮ್ಮ ಯಜಮಾನರಾದ ಚೆಲುವರಾಜು ಅವರು ಇಷ್ಟೂ ಹೊತ್ತು ಪೇಪರ್ ಹಿಂದೆ ಇದ್ದು, "ಅಲ್ಲೆಲ್ಲ ಏನಿದೆ? ನಮ್ ಬೆಟ್ಟದ ಮುಂದೆ ಅವೆಲ್ಲ ಏನೂ ಇಲ್ಲ ಕಣೇ" ಎಂದರು. ಅವರು ನಮ್ಮ ಬೆಟ್ಟಕ್ಕೆ ಇಂದಿನವರೆಗೂ ಸಿಟಿ ಬಸ್ಸಿನಲ್ಲೇ ಹೋಗಿ, ಇಳಿದ ಕೂಡಲೇ ಚುರುಮುರಿ ತಿಂದು, ಅದೇ ಬಸ್ಸಿನಲ್ಲಿ ಬಂದವರು. ಸ್ವಲ್ಪ ಹೊತ್ತಿಗೆ ಪೇಪರ್ ಮಡಚಿ, "ಒಬ್ಳೇ ಎಲ್ಲಿಗೆ ಹೋಯ್ತೀಯ? ಅಳಿಯಂದ್ರಿಗೆ ಕೊಟ್ಬುಡು, ಅವರು ಜಿಮ್ಮಿಗೆ ಹೋಯ್ತಾರೆ" ಎಂದೂ ಸೇರಿಸಿದರು.

ಮಾನ್ಯರೇ, ಇಲ್ಲಿ ಒಂದು ವಿಷಯವನ್ನು ನೇರವಾಗಿ ಹೇಳಿಬಿಡುತ್ತೇನೆ. ನನಗೆ ಹೋಗಬೇಕು. ಅಳಿಯಂದಿರು ದೇವರಂಥವರು, ಅವರಿಗೆ ಒಳ್ಳೆಯದಾಗಲಿ, ಆದರೆ ಹೋಗಬೇಕಾದವಳು ನಾನು. ಐವತ್ತೆಂಟು ವರ್ಷದಲ್ಲಿ ನಾನು ಹೋಗಿರುವ ಊರುಗಳೆಲ್ಲ ಯಾರದೋ ಮದುವೆಗೆ, ಯಾರದೋ ತಿಥಿಗೆ, ಯಾರದೋ ಬಾಣಂತನಕ್ಕೆ ಹೋದ ಊರುಗಳು. ಅಲ್ಲೆಲ್ಲ ನಾನು ನೋಡಿದ್ದು ಅಡುಗೆಮನೆ. ನನ್ನ ಹೆಸರಿಗೇ ಬಂದ ದಾರಿ ಇದೊಂದೇ, ಅದೂ ನನ್ನ ಸೊಂಟ ಸಾವಿರ ಸಲ ಬಗ್ಗಿ ದುಡಿದ ದಾರಿ. ಅದು ಕೈತಪ್ಪಿದರೆ ನಾನು ಅಳುವುದಿಲ್ಲ ಎಂದು ಹೇಳಲಾರೆ.

ಕೊನೆಗೆ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಮೋಡದ ನಡುವಿನ ಹಾಳು ಪಟ್ಟಣವೊಂದಕ್ಕೆ ಹೋಗುವ ನಾಲ್ಕು ದಿನದ ಹಾದಿಯನ್ನು ಆರಿಸಿಕೊಂಡೆ. ಕಾರಣ ಬಹಳ ಸರಳ. ಅದರ ಚಿತ್ರದಲ್ಲಿ ಕಲ್ಲಿನ ಮೆಟ್ಟಿಲುಗಳಿದ್ದವು, ನಮ್ಮವುಗಳ ಹಾಗೆಯೇ ನಡುವೆ ಸವೆದಿದ್ದವು, ಮತ್ತು ಅಷ್ಟು ಮೆಟ್ಟಿಲಲ್ಲಿ ಒಂದಕ್ಕಾದರೂ ಒಂದು ಚಿಟಿಕೆ ಕುಂಕುಮವಿರಲಿಲ್ಲ. ಆಯ್ಕೆಯ ಗುಂಡಿಯನ್ನು ಅರಿಶಿನದ ಬೆರಳಲ್ಲೇ ಒತ್ತಿ, ಯಜಮಾನರಿಗೆ ಗೊತ್ತಾಗದಂತೆ ಪಾಸ್‌ಪೋರ್ಟಿಗೂ ಫೋಟೋ ತೆಗೆಸಿಕೊಂಡು ಬಂದೆ.

ಮರುದಿನವೇ ತಮ್ಮ ಕೃಪಾಪತ್ರ ಬಂತು. ಸಾವಿರ ಬಾರಿ ಒಂದೇ ಅಳತೆಯಲ್ಲಿ ಬಗ್ಗಿ ಏಳುವುದು ಮನುಷ್ಯಮಾತ್ರರಿಂದ ಸಾಧ್ಯವಿಲ್ಲವೆಂದೂ, ಬಹುಮಾನದ ಆಸೆಗೆ ಗಡಿಯಾರವನ್ನು ಯಾವುದೋ ಯಂತ್ರಕ್ಕೆ ಕಟ್ಟಲಾಗಿದೆಯೆಂದೂ, ಆದ್ದರಿಂದ ನಾನು ಅನರ್ಹಳೆಂದೂ ತಾವು ಬರೆದಿದ್ದಿರಿ. ಆಹಾ, ಎಂಥಾ ಸೂಕ್ಷ್ಮದೃಷ್ಟಿ! ಒಂದೇ ಅಳತೆಯಲ್ಲಿ ಕೆಲಸ ಮಾಡುತ್ತೇನೆಂದು ಇಪ್ಪತ್ತಾರು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನನ್ನು ಹೊಗಳಿದ್ದಿಲ್ಲ, ತೋಳು ಬಿಗಿ, ಕಂಕುಳು ಸಡಿಲ ಎಂದೇ ಹಿಂದಿರುಗಿ ಬಂದವರು. ತಾವೊಬ್ಬರೇ ನನ್ನ ಅಳತೆಯನ್ನು ಮೆಚ್ಚಿದವರು, ಮೆಚ್ಚಿ ಕಳ್ಳಿ ಎಂದವರು. ಚಾಮರಾಜಪುರಂನಲ್ಲಿ ನನ್ನನ್ನು ಕಳ್ಳಿ ಎಂದವರು ತಾವು ಮೊದಲಿಗರಾದ್ದರಿಂದ ಆ ಗೌರವವೂ ತಮಗೇ ಸಲ್ಲಲಿ.

ನಾನು ಆಕ್ಷೇಪಿಸಿದ ಮೇಲೆ ತಾವು ರೇವಣಸಿದ್ದ ಎಂಬ ಪರಿಶೀಲನಾಧಿಕಾರಿಯನ್ನು ಕಳುಹಿಸಿದ್ದಕ್ಕೆ ಕೃತಜ್ಞತೆಗಳು. ಬಹಳ ಸಜ್ಜನರು, ಬೂಟುಗಳೇ ಒಂದೊಂದು ಪಡಿಯಷ್ಟಿದ್ದವು. ನಾನು ಬಗ್ಗದೆ, ಸಹಜವಾಗಿ ಹತ್ತಿ ತೋರಿಸಬೇಕೆಂಬುದು ತಮ್ಮ ಷರತ್ತು. ಪ್ರಯತ್ನಿಸಿದೆ, ಮಾನ್ಯರೇ, ಖಂಡಿತ ಪ್ರಯತ್ನಿಸಿದೆ. ಮೊದಲನೇ ಮೆಟ್ಟಿಲ ಮುಂದೆ ನೆಟ್ಟಗೆ ನಿಂತೆ, ಕಾಲು ಎತ್ತಿದೆ, ಅಷ್ಟರಲ್ಲಿ ಸೊಂಟ ತಾನಾಗಿಯೇ ಬಗ್ಗಿತು. "ಬಗ್ಬೇಡಿ ಅಮ್ಮಾ, ಸುಮ್ನೆ ನಡೀರಿ" ಎಂದು ಅವರು ಅಂಗಲಾಚಿದರು. "ಸುಮ್ನೆ ತುಳ್ಕೊಂಡು ಹೋದ್ರೆ ಮೆಟ್ಲು ಏನಂದ್ಕೊಂಡಾತಪ್ಪ?" ಎಂದೆ. ಚಾಮುಂಡಮ್ಮ, "ನೋಡ್ಕೊಂಡು ನಿಂತಿರೋ ಬದ್ಲು ಇದನ್ನ ಹಿಡ್ಕಳಪ್ಪ" ಎಂದು ಕುಂಕುಮದ ತಟ್ಟೆಯನ್ನು ಅವರ ಕೈಗೆ ಕೊಟ್ಟಳು. ಇನ್ನೂರನೇ ಮೆಟ್ಟಿಲಲ್ಲಿ ಅವರು ಬೂಟು ಬಿಚ್ಚಿ ಕುತ್ತಿಗೆಗೆ ನೇತುಹಾಕಿಕೊಂಡರು. ನಂದಿಯ ಹತ್ತಿರ ಬರುವಷ್ಟರಲ್ಲಿ ನಾನು ಅರಿಶಿನ, ಅವರು ಕುಂಕುಮ ಎಂದು ಕೆಲಸ ಹಂಚಿಕೊಂಡಾಗಿತ್ತು. ತುದಿಯಲ್ಲಿ ಅವರು ನನ್ನೆದುರಿಗೇ, "ಇವರು ಮನುಷ್ಯರು, ನಾನೇ ಕಣ್ಣಾರೆ ನೋಡಿದ್ದೇನೆ" ಎಂದು ತಮಗೆ ವರದಿ ಬರೆದು ಕಳುಹಿಸಿದರು.

ಅವರ ಕೈಯಲ್ಲೂ ತಮ್ಮದೇ ಗಡಿಯಾರವಿತ್ತು ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಐದೇ ನಿಮಿಷದಲ್ಲಿ ತಾವು, ಅದೇ ಬೆಟ್ಟದಲ್ಲಿ ಎರಡನೆಯ ಯಂತ್ರ ಪತ್ತೆಯಾಗಿದೆಯೆಂದು ತೀರ್ಮಾನಿಸಿ, ಯಂತ್ರ ಬರೆದ ವರದಿಯನ್ನು ಒಪ್ಪಲಾಗದೆಂದು ತಿಳಿಸಿ, ರೇವಣಸಿದ್ದ ಅವರನ್ನೂ ಕೆಲಸದಿಂದ ಅಮಾನತು ಮಾಡಿದಿರಿ. ಪಾಪ, ಆ ಮನುಷ್ಯ ಹಣೆಯ ತುಂಬ ಕುಂಕುಮದಲ್ಲೇ, ಕುತ್ತಿಗೆಯ ಬೂಟು ತೆಗೆದಿಟ್ಟು ಕುಳಿತರು. ನಾವು ಬುತ್ತಿಯಲ್ಲಿದ್ದ ಮೊಸರನ್ನ ಕೊಟ್ಟೆವು, ಯಂತ್ರವಾದರೂ ಎರಡು ಸಲ ಹಾಕಿಸಿಕೊಂಡು ತಿಂದರು.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು ಇಷ್ಟೇ. ಮುಂದಿನ ಶುಕ್ರವಾರ ತಾವೇ ಖುದ್ದಾಗಿ ಪಾದದ ಹತ್ತಿರ ದಯಮಾಡಿಸಿ, ನನ್ನ ಜೊತೆ ಒಂದು ನೂರು ಮೆಟ್ಟಿಲಿಗಾದರೂ ಬಗ್ಗಬೇಕು. ಬಗ್ಗಲು ಸೊಂಟವಿಲ್ಲವೆಂಬುದು ತಮ್ಮ ಅಡ್ಡಿಯಾದರೆ, ಅಳತೆ ಕೊಡಿ, ಹೊಲಿದುಕೊಡುತ್ತೇನೆ. ರೇವಣಸಿದ್ದ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡು ಪುನಃ ಮನುಷ್ಯರೆಂದು ಬರೆದುಕೊಡಬೇಕು. ಪೆರು ದೇಶದ ಮೆಟ್ಟಿಲುಗಳನ್ನು ಯಾರಾದರೂ ಕೂತು ಎಣಿಸಿ ನನಗೆ ತಿಳಿಸಬೇಕು. ಹಳೆಯ ಕಲ್ಲಿಗೆ ಕುಂಕುಮ ಹಚ್ಚುವುದು ಆ ಸರ್ಕಾರಕ್ಕೆ ಒಪ್ಪಿಗೆಯಿಲ್ಲದಿದ್ದರೆ, ನಾನು ಹಚ್ಚುತ್ತಾ ಮುಂದೆ ಹೋಗುತ್ತೇನೆ, ತಾವು ಒರೆಸುತ್ತಾ ಹಿಂದೆ ಬನ್ನಿ. ಇವು ಯಾವುವೂ ಆಗದಿದ್ದರೆ, ಪ್ರೇಮಮ್ಮ ಮನುಷ್ಯಳು ಎಂಬ ಎರಡು ಮಾತನ್ನಾದರೂ ಬರೆದು ಕಳುಹಿಸಿ. ಅದನ್ನು ಅಂಗಡಿಯಲ್ಲಿ ಕನ್ನಡಿಯ ಪಕ್ಕ ತೂಗುಹಾಕಿಕೊಳ್ಳುತ್ತೇನೆ.

ಇಷ್ಟೂ ದಿನ ತಮ್ಮ ಮೇಲಿಟ್ಟ ನಂಬಿಕೆಯ ಹೊಲಿಗೆ ಇನ್ನೂ ಪೂರ್ತಿ ಬಿಚ್ಚದ,
ತಮ್ಮ ವಿಶ್ವಾಸಿ,
ಪ್ರೇಮಮ್ಮ
(ಮನುಷ್ಯಳು)

ಆಮೇಲಿನ ಮಾತು: ಈ ಪತ್ರ ಬರೆದಿಟ್ಟು ವಾರವಾಯಿತು, ಲಕೋಟೆಗೆ ಹಾಕುವ ಮೊದಲು ಒಂದು ತಪ್ಪೊಪ್ಪಿಗೆ. ತಾವು ಹೊರಿಸಿದ ಆಪಾದನೆಯನ್ನು ಹೇಗೂ ಹೊತ್ತಾಗಿದೆ, ಅದನ್ನು ಮಾಡಿಯಾದರೂ ನೋಡೋಣವೆಂದು, ಮೊನ್ನೆ ಸೋಮವಾರ ಸಿಟ್ಟಿನಲ್ಲಿ ಗಡಿಯಾರವನ್ನು ನಿಜವಾಗಿಯೂ ನನ್ನ ಹೊಲಿಗೆ ಮಿಷನ್ನಿನ ಪೆಡಲಿಗೆ ಕಟ್ಟಿ, ಗೌರಿ ಹಬ್ಬದ ಹನ್ನೊಂದು ರವಿಕೆ ಹೊಲಿದೆ. ಸಂಜೆ ತಮ್ಮ ಸಂದೇಶ ಬಂತು: "ಪ್ರೇಮಮ್ಮನವರೇ, ತಮ್ಮ ನಡಿಗೆ ಈಗ ಸಂಪೂರ್ಣವಾಗಿ ಸಹಜ ಮಾನವ ನಡಿಗೆಯಾಗಿದೆ. ಅನರ್ಹತೆ ರದ್ದು. ಪೆರು ಚಾರಣ ಖಚಿತ. ಶುಭ ಪ್ರಯಾಣ!" ಯಜಮಾನರಿಗೆ ಓದಿ ಹೇಳಿದೆ. ಅವರು ಮಿಷನ್ನಿನ ಕಡೆ ಕೈ ತೋರಿಸಿ, "ಹಂಗಾರೆ ಅದು ಹೋಗ್ಲಿ, ನೀನ್ಯಾಕೆ?" ಎಂದರು. ಅದು ಬರುವುದಿಲ್ಲವಂತೆ, ಮಾನ್ಯರೇ, ಕೇಳಿದೆ. ಕಬ್ಬಿಣದ್ದು, ವಿಮಾನಕ್ಕೆ ಭಾರ. ಹಾಗಾಗಿ ಆಯ್ಕೆಯಾದ ಮನುಷ್ಯರ ಪರವಾಗಿ ಯಂತ್ರವಾದ ನಾನೇ ಹೊರಟಿದ್ದೇನೆ. ಪಾಸ್‌ಪೋರ್ಟು ನಿನ್ನೆ ಬಂತು.